ಪ್ರಯೋಗ ವಿನ್ಯಾಸ (ಕೈಗಾರಿಕಾ ಗುಣಮಟ್ಟ)

ಪ್ರಯೋಗ ವಿನ್ಯಾಸ ಎಂಬುದು ಒಂದು ಪ್ರಕ್ರಿಯೆಯ ಮೇಲೆ ಪ್ರಭಾವ ಬೀರುವ ಹಲವು ಅಂಶಗಳನ್ನು ಪೂರ್ವನಿಶ್ಚಿತ ಯೋಜನೆಯಂತೆ ಒಟ್ಟಾಗಿ ಬದಲಿಸಿ, ಅವುಗಳಲ್ಲಿ ಯಾವುದು ಎಷ್ಟು ಪರಿಣಾಮಕಾರಿ ಎಂಬುದನ್ನು ಕಡಿಮೆ ಸಂಖ್ಯೆಯ ಪರೀಕ್ಷೆಗಳಿಂದ ತಿಳಿಯುವ ಸಂಖ್ಯಾಶಾಸ್ತ್ರೀಯ ವಿಧಾನವಾಗಿದೆ. ಇದರ ಉಗಮ ಕೃಷಿ ಸಂಶೋಧನೆಯಲ್ಲಾಯಿತು. 20ನೆಯ ಶತಮಾನದ ನಡುಭಾಗದಿಂದ ರಾಸಾಯನಿಕ, ಯಂತ್ರೋಪಕರಣ, ವಿದ್ಯುನ್ಮಾನ ಹಾಗೂ ಔಷಧ ತಯಾರಿಕೆಯ ಕೈಗಾರಿಕೆಗಳಲ್ಲಿ ಗುಣಮಟ್ಟವನ್ನು ಉತ್ತಮಪಡಿಸುವ ಪ್ರಮುಖ ಸಾಧನವಾಗಿ ಇದು ಬಳಕೆಗೆ ಬಂದಿತು. ಈ ಶಾಸ್ತ್ರದ ಬೆಳವಣಿಗೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರಜ್ಞರ ಪಾಲು ದೊಡ್ಡದು. ಅವರಲ್ಲಿ ಒಬ್ಬರಾದ ಸಿ. ಆರ್. ರಾವ್ ಅವರು ಇಂದಿನ ಕರ್ನಾಟಕದ ಹೂವಿನಹಡಗಲಿಯಲ್ಲಿ ಜನಿಸಿದವರು.

== ಅವಶ್ಯಕತೆ ==

ಕಾರ್ಖಾನೆಯಲ್ಲಿ ತಯಾರಾದ ಸರಕನ್ನು ಕೊನೆಯಲ್ಲಿ ತಪಾಸಣೆ ಮಾಡಿ ಕೆಟ್ಟದ್ದನ್ನು ಬೇರ್ಪಡಿಸುವುದು ಗುಣಮಟ್ಟ ಕಾಪಾಡುವ ಹಳೆಯ ಕ್ರಮ. ಇದರಿಂದ ಗ್ರಾಹಕನಿಗೆ ಕೆಟ್ಟ ಸರಕು ತಲಪುವುದು ತಪ್ಪುತ್ತದೆಯೇ ಹೊರತು, ಕೆಟ್ಟ ಸರಕು ತಯಾರಾಗುವುದು ತಪ್ಪುವುದಿಲ್ಲ. 1924ರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ರೂಪಿಸಿದ ನಿಯಂತ್ರಣ ನಕ್ಷೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರಕ್ರಿಯೆ ಹಾದಿ ತಪ್ಪಿದ ಕೂಡಲೇ ಎಚ್ಚರಿಸುವ ಉಪಾಯವನ್ನು ಒದಗಿಸಿತು. ಆದರೆ ಸರಿಯಾಗಿ ನಡೆಯುತ್ತಿರುವ ಪ್ರಕ್ರಿಯೆಯನ್ನೇ ಇನ್ನಷ್ಟು ಉತ್ತಮಪಡಿಸುವುದು ಹೇಗೆ ಎಂಬ ಪ್ರಶ್ನೆಗೆ ನಿಯಂತ್ರಣ ನಕ್ಷೆ ಉತ್ತರ ನೀಡುವುದಿಲ್ಲ. ಅದಕ್ಕೆ ಪ್ರಕ್ರಿಯೆಯನ್ನು ಉದ್ದೇಶಪೂರ್ವಕವಾಗಿ ಬದಲಿಸಿ ನೋಡಲೇಬೇಕು. ಹೀಗೆ ಬದಲಿಸಿ ನೋಡುವ ಕ್ರಮಬದ್ಧ ಮಾರ್ಗವೇ ಪ್ರಯೋಗ ವಿನ್ಯಾಸ.

ಕಾರ್ಖಾನೆಯ ದಿನನಿತ್ಯದ ದಾಖಲೆಗಳನ್ನು ಪರಿಶೀಲಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ದಾಖಲೆಗಳಲ್ಲಿ ಹಲವು ಅಂಶಗಳು ಒಟ್ಟೊಟ್ಟಿಗೆ ಏರಿಳಿದಿರುತ್ತವೆ. ಮಳೆಗಾಲದಲ್ಲಿ ಕಚ್ಚಾವಸ್ತುವಿನ ತೇವಾಂಶ ಹೆಚ್ಚಿರುತ್ತದೆ, ಅದೇ ಕಾಲದಲ್ಲಿ ಕೆಲಸಗಾರರು ಗೂಡಿನ ಉಷ್ಣತೆಯನ್ನೂ ಏರಿಸಿರುತ್ತಾರೆ. ಫಲಿತಾಂಶ ಕೆಟ್ಟಿದ್ದು ತೇವದಿಂದಲೋ ಉಷ್ಣತೆಯಿಂದಲೋ ಎಂಬುದನ್ನು ದಾಖಲೆಗಳಿಂದ ಬಿಡಿಸಿ ಹೇಳಲಾಗದು. ಎರಡನ್ನೂ ಸ್ವತಂತ್ರವಾಗಿ ಬದಲಿಸುವ ಪ್ರಯೋಗ ಮಾತ್ರ ಕಾರ್ಯಕಾರಣ ಸಂಬಂಧವನ್ನು ಖಚಿತಪಡಿಸಬಲ್ಲದು.

== ಪರಿಭಾಷೆ ==

ಹೆಂಚು ಸುಡುವ ಗೂಡನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಈ ಶಾಸ್ತ್ರದ ಪದಗಳು ಸುಲಭವಾಗಿ ಅರ್ಥವಾಗುತ್ತವೆ.

* '''ಫಲಿತ''': ಅಳೆಯಬೇಕಾದ ಗುಣ. ಉದಾಹರಣೆಗೆ ಹೆಂಚಿನ ಗಟ್ಟಿತನ ಅಥವಾ ಅದರ ಉದ್ದ.
* '''ಅಂಶ''': ಫಲಿತದ ಮೇಲೆ ಪ್ರಭಾವ ಬೀರಬಹುದಾದ, ಪ್ರಯೋಗಕಾರನು ಬದಲಿಸಬಲ್ಲ ಸಂಗತಿ. ಮಣ್ಣಿನ ತೇವಾಂಶ, ಗೂಡಿನ ಉಷ್ಣತೆ, ಸುಡುವ ಅವಧಿ ಇವು ಅಂಶಗಳು.
* '''ಮಟ್ಟ''': ಅಂಶಕ್ಕೆ ಪ್ರಯೋಗದಲ್ಲಿ ಕೊಡುವ ಬೆಲೆ. ಉಷ್ಣತೆಯನ್ನು 900 ಮತ್ತು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ನೋಡಿದರೆ ಅದಕ್ಕೆ ಎರಡು ಮಟ್ಟಗಳಿವೆ.
* '''ಸುತ್ತು''': ಎಲ್ಲ ಅಂಶಗಳನ್ನೂ ನಿಗದಿತ ಮಟ್ಟಗಳಲ್ಲಿಟ್ಟು ಒಮ್ಮೆ ನಡೆಸುವ ಪರೀಕ್ಷೆ.
* '''ಮುಖ್ಯ ಪರಿಣಾಮ''': ಒಂದು ಅಂಶವನ್ನು ಕೆಳಮಟ್ಟದಿಂದ ಮೇಲ್ಮಟ್ಟಕ್ಕೆ ಒಯ್ದಾಗ ಫಲಿತದಲ್ಲಿ ಆಗುವ ಸರಾಸರಿ ಬದಲಾವಣೆ.
* '''ಅನ್ಯೋನ್ಯ ಪರಿಣಾಮ''': ಒಂದು ಅಂಶದ ಪರಿಣಾಮವು ಇನ್ನೊಂದು ಅಂಶದ ಮಟ್ಟವನ್ನು ಅವಲಂಬಿಸಿರುವ ಸ್ಥಿತಿ. ಒಣ ಮಣ್ಣಿನ ಹೆಂಚಿಗೆ ಹೆಚ್ಚಿನ ಉಷ್ಣತೆ ಒಳ್ಳೆಯದಾಗಿ, ಹಸಿ ಮಣ್ಣಿನ ಹೆಂಚು ಅದೇ ಉಷ್ಣತೆಯಲ್ಲಿ ಬಿರುಕು ಬಿಟ್ಟರೆ ಅಲ್ಲಿ ಅನ್ಯೋನ್ಯ ಪರಿಣಾಮವಿದೆ.
* '''ಪ್ರಾಯೋಗಿಕ ದೋಷ''': ಎಲ್ಲ ಅಂಶಗಳನ್ನೂ ಹಿಂದಿನಂತೆಯೇ ಇಟ್ಟು ಸುತ್ತನ್ನು ಮತ್ತೆ ನಡೆಸಿದಾಗಲೂ ಫಲಿತದಲ್ಲಿ ಕಾಣುವ ವ್ಯತ್ಯಾಸ. ಇಲ್ಲಿ ದೋಷವೆಂದರೆ ತಪ್ಪು ಎಂದರ್ಥವಲ್ಲ.

== ಇತಿಹಾಸ ==

=== ಹೊಲದಿಂದ ಕಾರ್ಖಾನೆಗೆ ===

ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ 1843ರಲ್ಲಿ ಆರಂಭವಾಯಿತು. ಅಲ್ಲಿ ಹಲವು ದಶಕಗಳಿಂದ ಸಂಗ್ರಹವಾಗಿದ್ದ ಇಳುವರಿಯ ಅಂಕಿಅಂಶಗಳನ್ನು ವಿಶ್ಲೇಷಿಸಲು 1919ರಲ್ಲಿ ರೊನಾಲ್ಡ್ ಫಿಷರ್ ನೇಮಕಗೊಂಡರು. ಹೊಲದ ಒಂದು ಮೂಲೆಯ ಮಣ್ಣು ಇನ್ನೊಂದು ಮೂಲೆಯ ಮಣ್ಣಿನಂತೆ ಇರುವುದಿಲ್ಲ. ಆದ್ದರಿಂದ ಒಂದು ಗೊಬ್ಬರ ಹಾಕಿದ ತುಂಡಿನಲ್ಲಿ ಇಳುವರಿ ಹೆಚ್ಚಾದರೆ ಅದಕ್ಕೆ ಗೊಬ್ಬರವೇ ಕಾರಣವೆಂದು ಹೇಳಲಾಗದು. ಬೆಳೆ ಬಂದ ಮೇಲೆ ಎಷ್ಟೇ ಲೆಕ್ಕ ಹಾಕಿದರೂ ಈ ತೊಡಕು ಬಿಡಿಸಲಾರದು, ಬಿತ್ತನೆಗೆ ಮೊದಲೇ ಪ್ರಯೋಗವನ್ನು ಸರಿಯಾಗಿ ಜೋಡಿಸಬೇಕು ಎಂಬುದನ್ನು ಫಿಷರ್ ಮನಗಂಡರು. ಅವರ ವಿಚಾರಗಳು 1926ರ ಒಂದು ಲೇಖನದಲ್ಲಿಯೂ, 1935ರಲ್ಲಿ ಪ್ರಕಟವಾದ 'ದ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್' ಗ್ರಂಥದಲ್ಲಿಯೂ ನಿರೂಪಿತವಾಗಿವೆ. ಹಲವು ಅಂಶಗಳನ್ನು ಒಟ್ಟಿಗೆ ಪರೀಕ್ಷಿಸುವ ಪ್ರಯೋಗಗಳ ಲೆಕ್ಕಾಚಾರವನ್ನು ಅವರ ಸಹೋದ್ಯೋಗಿ ಫ್ರಾಂಕ್ ಯೇಟ್ಸ್ 1937ರಲ್ಲಿ ವಿಸ್ತಾರವಾಗಿ ವಿವರಿಸಿದರು.

ಕೈಗಾರಿಕೆಯಲ್ಲಿ ಈ ವಿಧಾನದ ಆರಂಭಿಕ ಬಳಕೆಗಳಲ್ಲಿ ಬ್ರಿಟನ್ನಿನ ಎಲ್. ಎಚ್. ಸಿ. ಟಿಪೆಟ್ ಅವರದು ಪ್ರಸಿದ್ಧವಾಗಿದೆ. ಹತ್ತಿ ಗಿರಣಿಯ ಸಮಸ್ಯೆಯೊಂದರ ಮೂಲ ಹುಡುಕಲು ಅವರು ತಲಾ ಐದು ಮಟ್ಟಗಳಿದ್ದ ಐದು ಅಂಶಗಳನ್ನು ಪರೀಕ್ಷಿಸಿದರು. ಎಲ್ಲ ಸಂಯೋಜನೆಗಳನ್ನೂ ನೋಡಲು 3125 ಸುತ್ತುಗಳು ಬೇಕಾಗುತ್ತಿದ್ದವು. ಅವರು ನಡೆಸಿದ್ದು 25 ಮಾತ್ರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಬರಾಜು ಸಚಿವಾಲಯದಲ್ಲಿ ಕೆಲಸ ಮಾಡುತ್ತಿದ್ದ ಪ್ಲಾಕೆಟ್ ಮತ್ತು ಬರ್ಮನ್ ಎಂಬುವರು, ಬಹಳ ಅಂಶಗಳನ್ನು ಅತಿ ಕಡಿಮೆ ಸುತ್ತುಗಳಲ್ಲಿ ಜಾಲಾಡುವ ವಿನ್ಯಾಸಗಳನ್ನು 1946ರಲ್ಲಿ ಪ್ರಕಟಿಸಿದರು.

=== ಭಾರತದ ಕೊಡುಗೆ ===

ಪಿ. ಸಿ. ಮಹಲನೋಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಪ್ರಯೋಗ ವಿನ್ಯಾಸದ ಗಣಿತಕ್ಕೆ ಜಗತ್ತಿನ ಪ್ರಮುಖ ಕೇಂದ್ರಗಳಲ್ಲಿ ಒಂದಾಯಿತು. ಅಲ್ಲಿ ಆರ್. ಸಿ. ಬೋಸ್ ಅವರು ಸಮತೋಲಿತ ಅಪೂರ್ಣ ಬ್ಲಾಕ್ ವಿನ್ಯಾಸಗಳನ್ನು ರಚಿಸುವ ಕ್ರಮವನ್ನು 1939ರಲ್ಲಿ ನೀಡಿದರು.

ಬೋಸ್ ಅವರೊಂದಿಗೆ ಕೆಲಸ ಮಾಡಿದ ಕಲ್ಯಂಪುಡಿ ರಾಧಾಕೃಷ್ಣ ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ಜನಿಸಿದರು. ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆ ಊರು ಇಂದು ವಿಜಯನಗರ ಜಿಲ್ಲೆಯಲ್ಲಿದೆ. ಆರ್ಥೋಗನಲ್ ಅರೇ ಎಂದು ಪ್ರಸಿದ್ಧವಾದ ಕೋಷ್ಟಕಗಳ ಸಿದ್ಧಾಂತವನ್ನು ರಾವ್ 1947ರಲ್ಲಿ ಪ್ರಕಟಿಸಿದರು. ಜಪಾನಿನ ಎಂಜಿನಿಯರ್ ಗೆನಿಚಿ ತಗುಚಿ 1954–55ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದಿದ್ದರು. ಮುಂದೆ ಅವರ ಹೆಸರಿನೊಂದಿಗೆ ಜಗತ್ತಿನ ಕಾರ್ಖಾನೆಗಳನ್ನು ಪ್ರವೇಶಿಸಿದ ವಿಧಾನವು ಆಧಾರವಾಗಿ ಇಟ್ಟುಕೊಂಡದ್ದು ಈ ಬಗೆಯ ಕೋಷ್ಟಕಗಳನ್ನೇ. ರಾವ್ ಅವರಿಗೆ 2001ರಲ್ಲಿ ಪದ್ಮವಿಭೂಷಣವೂ, 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯೂ ಸಂದವು. ಅದೇ ವರ್ಷ ಆಗಸ್ಟ್ 22ರಂದು ಅವರು ನಿಧನರಾದರು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಕೈಗಾರಿಕೆಗಳಿಗೆ ಗುಣಮಟ್ಟದ ವಿಷಯದಲ್ಲಿ ತರಬೇತಿ ಮತ್ತು ಸಲಹೆ ನೀಡುವ ಪ್ರತ್ಯೇಕ ಘಟಕವೊಂದಿದೆ.

== ಮೂಲ ತತ್ವಗಳು ==

ಫಿಷರ್ ಪ್ರತಿಪಾದಿಸಿದ ಮೂರು ತತ್ವಗಳು ಇಂದಿಗೂ ಈ ಶಾಸ್ತ್ರದ ಬುನಾದಿಯಾಗಿವೆ.

'''ಯಾದೃಚ್ಛೀಕರಣ'''. ಸುತ್ತುಗಳನ್ನು ನಡೆಸುವ ಕ್ರಮವನ್ನು ಪ್ರಯೋಗಕಾರನ ಅನುಕೂಲಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸುವುದು. ಹಳೆಯ ಮಿಶ್ರಣವನ್ನು ಬೆಳಿಗ್ಗೆಯೂ ಹೊಸ ಮಿಶ್ರಣವನ್ನು ಮಧ್ಯಾಹ್ನವೂ ಪರೀಕ್ಷಿಸಿದರೆ, ಅಷ್ಟರಲ್ಲಿ ಗೂಡು ಕಾದಿದ್ದರ ಫಲವೂ ಹೊಸ ಮಿಶ್ರಣದ ಲೆಕ್ಕಕ್ಕೆ ಸೇರಿಬಿಡುತ್ತದೆ. ಕ್ರಮವನ್ನು ಕಲಸಿಬಿಟ್ಟರೆ ಇಂತಹ ಅಜ್ಞಾತ ಪ್ರಭಾವಗಳು ಯಾವ ಒಂದು ಪಕ್ಷಕ್ಕೂ ವಾಲುವುದಿಲ್ಲ. ಫಿಷರ್ ತಮ್ಮ ಗ್ರಂಥದಲ್ಲಿ ಇದನ್ನು ಚಹಾದ ಪ್ರಯೋಗದ ಮೂಲಕ ವಿವರಿಸಿದ್ದಾರೆ. ಬಟ್ಟಲಿಗೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದ ಮಹಿಳೆಗೆ ಎಂಟು ಬಟ್ಟಲುಗಳನ್ನು ಯಾದೃಚ್ಛಿಕ ಕ್ರಮದಲ್ಲಿ ಕೊಡಲಾಗುತ್ತದೆ. ಅವುಗಳಲ್ಲಿ ನಾಲ್ಕು ಒಂದು ಬಗೆಯವು, ನಾಲ್ಕು ಇನ್ನೊಂದು ಬಗೆಯವು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿರುವುದರಿಂದ, ಬರೇ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವನೀಯತೆ 70ರಲ್ಲಿ 1 ಮಾತ್ರ.

'''ಪುನರಾವರ್ತನೆ'''. ಅದೇ ಸಂಯೋಜನೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ನಡೆಸುವುದು. ಇದರಿಂದ ಪ್ರಾಯೋಗಿಕ ದೋಷದ ಅಳತೆ ಸಿಗುತ್ತದೆ. ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ತೀರ್ಮಾನಿಸಲು ಅದು ಅಗತ್ಯ. ಒಂದೇ ಬಾರಿ ಸುಟ್ಟ ಗೂಡಿನಿಂದ ಹತ್ತು ಹೆಂಚುಗಳನ್ನು ತೆಗೆದು ಅಳೆದರೆ ಅದು ಪುನರಾವರ್ತನೆಯಲ್ಲ. ಗೂಡನ್ನು ಆರಿಸಿ, ಹೊಸದಾಗಿ ತುಂಬಿ, ಮತ್ತೆ ಉರಿಸಿದಾಗ ಮಾತ್ರ ಅದು ಪುನರಾವರ್ತನೆಯಾಗುತ್ತದೆ. ಕಾರ್ಖಾನೆಗಳಲ್ಲಿ ಆಗುವ ತಪ್ಪುಗಳಲ್ಲಿ ಇದು ಬಹು ಸಾಮಾನ್ಯ.

'''ಬ್ಲಾಕ್ ವಿಭಜನೆ'''. ತಿಳಿದಿರುವ ವ್ಯತ್ಯಾಸಗಳನ್ನು ಗುಂಪುಗಳಾಗಿ ಬೇರ್ಪಡಿಸಿ, ಪ್ರತಿ ಗುಂಪಿನೊಳಗೆ ಹೋಲಿಕೆ ಮಾಡುವುದು. ಕಚ್ಚಾವಸ್ತು ಎರಡು ಲಾರಿಗಳಲ್ಲಿ ಬಂದಿದ್ದರೆ ಪ್ರತಿ ಲಾರಿಯ ಮಣ್ಣಿನಲ್ಲಿಯೂ ಎಲ್ಲ ಹೋಲಿಕೆಗಳು ನಡೆಯುವಂತೆ ಯೋಜಿಸಿದರೆ, ಲಾರಿಯಿಂದ ಲಾರಿಗೆ ಇರುವ ವ್ಯತ್ಯಾಸ ಫಲಿತಾಂಶವನ್ನು ಮಸುಕುಗೊಳಿಸುವುದಿಲ್ಲ.

== ಒಂದೊಂದೇ ಅಂಶವನ್ನು ಬದಲಿಸುವ ಕ್ರಮ ==

ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಒಂದು ಅಂಶವನ್ನು ಮಾತ್ರ ಬದಲಿಸಬೇಕೆಂಬುದು ಶಾಲೆಯ ವಿಜ್ಞಾನ ಪಾಠಗಳಲ್ಲಿ ಕಲಿಸುವ ನಿಯಮ. ಅದು ತರ್ಕಬದ್ಧವಾಗಿ ತೋರಿದರೂ ಹಲವು ಅಂಶಗಳಿರುವ ಪ್ರಕ್ರಿಯೆಗೆ ಎರಡು ಕಾರಣಗಳಿಂದ ತಕ್ಕದ್ದಲ್ಲ.

ಮೊದಲನೆಯದು ಖರ್ಚು. ಎರಡು ಮಟ್ಟಗಳ ಮೂರು ಅಂಶಗಳನ್ನು ಎಲ್ಲ ಸಂಯೋಜನೆಗಳಲ್ಲಿ ಪರೀಕ್ಷಿಸಿದರೆ ಎಂಟು ಸುತ್ತುಗಳಾಗುತ್ತವೆ. ಇಲ್ಲಿ ಪ್ರತಿ ಅಂಶದ ಪರಿಣಾಮವನ್ನು ಲೆಕ್ಕ ಹಾಕುವಾಗ ನಾಲ್ಕು ಸುತ್ತುಗಳ ಸರಾಸರಿಯನ್ನು ಉಳಿದ ನಾಲ್ಕರ ಸರಾಸರಿಯೊಂದಿಗೆ ಹೋಲಿಸಲಾಗುತ್ತದೆ. ಅಂದರೆ ಎಂಟೂ ಸುತ್ತುಗಳು ಮೂರೂ ಅಂಶಗಳ ಬಗ್ಗೆ ಮಾಹಿತಿ ನೀಡುತ್ತವೆ. ಒಂದೊಂದೇ ಅಂಶವನ್ನು ಬದಲಿಸುತ್ತ ಇಷ್ಟೇ ನಿಖರತೆ ಪಡೆಯಬೇಕಾದರೆ ಮೂಲಸ್ಥಿತಿಯಲ್ಲಿ ನಾಲ್ಕು, ಪ್ರತಿ ಬದಲಾವಣೆಗೂ ನಾಲ್ಕು, ಒಟ್ಟು 16 ಸುತ್ತುಗಳು ಬೇಕು.

ಎರಡನೆಯ ಕಾರಣ ಹೆಚ್ಚು ಮಹತ್ವದ್ದು. ಈ ಕ್ರಮದಲ್ಲಿ ಎರಡು ಅಂಶಗಳು ಒಟ್ಟಿಗೆ ಬದಲಾಗುವುದೇ ಇಲ್ಲವಾದ್ದರಿಂದ ಅನ್ಯೋನ್ಯ ಪರಿಣಾಮ ಕಣ್ಣಿಗೆ ಬೀಳುವುದಿಲ್ಲ. ಅದರಿಂದಾಗುವ ನಷ್ಟ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಮುಂದಿನ ಪ್ರಕರಣ ಸಾಕ್ಷಿಯಾಗಿದೆ.

== ಪೂರ್ಣ ಅಂಶೀಯ ವಿನ್ಯಾಸ: ಬೇರಿಂಗ್ ಪ್ರಯೋಗ ==

ಎಲ್ಲ ಅಂಶಗಳ ಎಲ್ಲ ಮಟ್ಟಗಳ ಸಂಯೋಜನೆಗಳನ್ನೂ ಪರೀಕ್ಷಿಸುವ ಯೋಜನೆಗೆ ಪೂರ್ಣ ಅಂಶೀಯ ವಿನ್ಯಾಸ ಎನ್ನುತ್ತಾರೆ. ಸ್ವೀಡನ್ನಿನ ಬೇರಿಂಗ್ ತಯಾರಿಕಾ ಸಂಸ್ಥೆ ಎಸ್‌ಕೆಎಫ್‌ನಲ್ಲಿ ನಡೆದ ಇಂತಹ ಪ್ರಯೋಗವೊಂದನ್ನು ಕ್ರಿಸ್ಟರ್ ಹೆಲ್‌ಸ್ಟ್ರಾಂಡ್ 1989ರಲ್ಲಿ ಪ್ರಕಟಿಸಿದರು. ಬೇರಿಂಗ್‌ನ ಗುಂಡುಗಳನ್ನು ಹಿಡಿದಿಡುವ ಕೇಜ್‌ನ ಹೊಸ ರೂಪವನ್ನು ಹಳೆಯದರೊಂದಿಗೆ ಹೋಲಿಸಬೇಕಾಗಿತ್ತು. ಹಳೆಯದರಲ್ಲಿ ನಾಲ್ಕು, ಹೊಸದರಲ್ಲಿ ನಾಲ್ಕು ಪರೀಕ್ಷೆಗಳೆಂಬುದು ಮೊದಲಿನ ಯೋಜನೆ. ಸುತ್ತುಗಳ ಸಂಖ್ಯೆಯನ್ನು ಹೆಚ್ಚಿಸದೆಯೇ ಇನ್ನೂ ಎರಡು ಅಂಶಗಳನ್ನು ಅದೇ ಎಂಟು ಸುತ್ತುಗಳಲ್ಲಿ ಸೇರಿಸಲಾಯಿತು. ಅವು ಒಳ ಉಂಗುರದ ಉಷ್ಣ ಸಂಸ್ಕರಣೆ ಮತ್ತು ಹೊರ ಉಂಗುರದ ವಕ್ರತೆಯು ಗುಂಡಿಗೆ ಹೊಂದಿಕೊಳ್ಳುವ ಪ್ರಮಾಣ.

ತೀವ್ರಗೊಳಿಸಿದ ಪರೀಕ್ಷೆಯಲ್ಲಿ ಬೇರಿಂಗ್‌ನ ಬಾಳಿಕೆಯ ಅಳತೆಗಳು ಹೀಗಿದ್ದವು.

| ಉಷ್ಣ ಸಂಸ್ಕರಣೆ ಮತ್ತು ವಕ್ರತೆ | ಹಳೆಯ ಕೇಜ್ | ಹೊಸ ಕೇಜ್ | ಸರಾಸರಿ |
|---|---|---|---|
| ಎರಡೂ ಮೊದಲಿನಂತೆ | 17 | 19 | 18 |
| ಒಂದು ಮಾತ್ರ ಬದಲು | 25 | 21 | 23 |
| ಇನ್ನೊಂದು ಮಾತ್ರ ಬದಲು | 26 | 16 | 21 |
| ಎರಡೂ ಬದಲು | 85 | 128 | 106.5 |

ಎರಡು ಅಂಶಗಳಲ್ಲಿ ಒಂದನ್ನೇ ಬದಲಿಸಿದಾಗ ಸರಾಸರಿ ಬಾಳಿಕೆ 18ರಿಂದ 23ಕ್ಕೆ, ಇನ್ನೊಂದನ್ನೇ ಬದಲಿಸಿದಾಗ 21ಕ್ಕೆ ಏರಿತು. ಈ ಎರಡು ಲಾಭಗಳನ್ನು ಕೂಡಿಸಿದರೆ ಎರಡನ್ನೂ ಬದಲಿಸಿದಾಗ ಬಾಳಿಕೆ ಸುಮಾರು 26 ಆಗಬೇಕಿತ್ತು. ಆದದ್ದು 106.5. ಅಂದರೆ ಬಾಳಿಕೆ ಐದು ಪಟ್ಟಿಗೂ ಹೆಚ್ಚಾಯಿತು. ಒಂದೊಂದೇ ಅಂಶವನ್ನು ಬದಲಿಸಿ ನೋಡಿದ್ದರೆ ಎರಡರಿಂದಲೂ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲವೆಂದು ಕೈಬಿಡುವ ಸಂಭವವೇ ಹೆಚ್ಚು. ಬೇರಿಂಗ್ ಶತಮಾನಗಳಿಂದ ಬಳಕೆಯಲ್ಲಿರುವ ಸಾಧನ. ಅಂತಹ ಸಾಧನದಲ್ಲಿಯೂ ಇಷ್ಟು ದೊಡ್ಡ ಸುಧಾರಣೆ ಎಂಟು ಸುತ್ತುಗಳಿಂದ ಹೊರಬಿದ್ದಿತು.

ಪರೀಕ್ಷೆಗೆ ಮೂಲ ಕಾರಣವಾಗಿದ್ದ ಕೇಜ್‌ನ ಕಥೆ ಬೇರೆ. ಹಳೆಯ ಕೇಜ್‌ನ ನಾಲ್ಕು ಸುತ್ತುಗಳ ಸರಾಸರಿ 38.25, ಹೊಸದರದು 46. ವ್ಯತ್ಯಾಸ 7.75. ಆದರೆ ನಾಲ್ಕು ಜೋಡಿಗಳಲ್ಲಿ ಎರಡರಲ್ಲಿ ಹಳೆಯದೇ ಮೇಲಾಗಿದೆ. ಹೀಗೆ ಒಂದೇ ದಿಕ್ಕಿನಲ್ಲಿ ನಿಲ್ಲದ ಪರಿಣಾಮವನ್ನು ನಂಬಲಾಗದು. ಕೇಜ್‌ನ ಆಯ್ಕೆಯಿಂದ ಬಾಳಿಕೆಗೆ ವಿಶೇಷ ವ್ಯತ್ಯಾಸವಿಲ್ಲ ಎಂಬುದೇ ಇಲ್ಲಿನ ತೀರ್ಮಾನ. ವ್ಯತ್ಯಾಸವಿಲ್ಲವೆಂದು ತಿಳಿಯುವುದೂ ಲಾಭವೇ, ಏಕೆಂದರೆ ಆಗ ಅಗ್ಗದ ರೂಪವನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದು.

== ಭಾಗಶಃ ಅಂಶೀಯ ವಿನ್ಯಾಸ ==

ಅಂಶಗಳು ಹೆಚ್ಚಿದಂತೆ ಪೂರ್ಣ ವಿನ್ಯಾಸದ ಗಾತ್ರ ವೇಗವಾಗಿ ಬೆಳೆಯುತ್ತದೆ. ಎರಡು ಮಟ್ಟಗಳ 5 ಅಂಶಗಳಿಗೆ 32, 7 ಅಂಶಗಳಿಗೆ 128, 10 ಅಂಶಗಳಿಗೆ 1024 ಸುತ್ತುಗಳು ಬೇಕು. ಆದರೆ ಅನುಭವದಲ್ಲಿ ಕೆಲವೇ ಅಂಶಗಳು ಪ್ರಬಲವಾಗಿರುತ್ತವೆ. ಮೂರು ಅಥವಾ ಹೆಚ್ಚು ಅಂಶಗಳು ಒಟ್ಟಾಗಿ ಉಂಟುಮಾಡುವ ಅನ್ಯೋನ್ಯ ಪರಿಣಾಮಗಳು ಸಾಮಾನ್ಯವಾಗಿ ನಗಣ್ಯವಾಗಿರುತ್ತವೆ. ಆದ್ದರಿಂದ ಪೂರ್ಣ ವಿನ್ಯಾಸದಿಂದ ಅರ್ಧ, ಕಾಲು ಅಥವಾ ಇನ್ನೂ ಚಿಕ್ಕ ಭಾಗವನ್ನು ಜಾಣ್ಮೆಯಿಂದ ಆರಿಸಿದರೆ ಸಾಕಾಗುತ್ತದೆ. ಈ ತತ್ವವನ್ನು ಡಿ. ಜೆ. ಫಿನ್ನಿ 1945ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು.

ಮೂರು ಅಂಶಗಳನ್ನು ನಾಲ್ಕೇ ಸುತ್ತುಗಳಲ್ಲಿ ಪರೀಕ್ಷಿಸುವ ಆರ್ಥೋಗನಲ್ ಅರೇ ಹೀಗಿರುತ್ತದೆ. ಇಲ್ಲಿ − ಕೆಳಮಟ್ಟವನ್ನೂ + ಮೇಲ್ಮಟ್ಟವನ್ನೂ ಸೂಚಿಸುತ್ತದೆ.

| ಸುತ್ತು | ಅಂಶ ಅ | ಅಂಶ ಬ | ಅಂಶ ಕ |
|---|---|---|---|
| 1 | − | − | + |
| 2 | + | − | − |
| 3 | − | + | − |
| 4 | + | + | + |

ಯಾವ ಎರಡು ಕಂಬಸಾಲುಗಳನ್ನು ತೆಗೆದುಕೊಂಡರೂ ನಾಲ್ಕು ಬಗೆಯ ಜೋಡಿಗಳೂ ಒಂದೊಂದು ಬಾರಿ ಬಂದಿರುವುದನ್ನು ಗಮನಿಸಬಹುದು. ಈ ಸಮತೋಲನದಿಂದಾಗಿ ಒಂದು ಅಂಶದ ಮುಖ್ಯ ಪರಿಣಾಮ ಇನ್ನೊಂದರ ಮುಖ್ಯ ಪರಿಣಾಮದೊಂದಿಗೆ ಬೆರೆಯುವುದಿಲ್ಲ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 'ಕ' ಕಂಬಸಾಲಿನ ಚಿಹ್ನೆಗಳು 'ಅ' ಮತ್ತು 'ಬ' ಚಿಹ್ನೆಗಳ ಗುಣಲಬ್ಧಗಳೇ ಆಗಿವೆ. ಆದ್ದರಿಂದ 'ಕ' ಅಂಶದ ಪರಿಣಾಮವೂ 'ಅ–ಬ' ಅನ್ಯೋನ್ಯ ಪರಿಣಾಮವೂ ಒಂದರೊಳಗೊಂದು ಸೇರಿಹೋಗುತ್ತವೆ. ಇದನ್ನು ಸಮ್ಮಿಶ್ರಣ ಎನ್ನಬಹುದು.

ಇದರ ಅಪಾಯವನ್ನು ಬೇರಿಂಗ್ ಪ್ರಯೋಗದ ಅಂಕಿಗಳಿಂದಲೇ ಕಾಣಬಹುದು. ಕೇಜ್ ಅನ್ನು 'ಕ' ಕಂಬಸಾಲಿಗೆ ಹಾಕಿ ನಾಲ್ಕೇ ಸುತ್ತುಗಳನ್ನು ನಡೆಸಿದ್ದರೆ ಸಿಗುತ್ತಿದ್ದ ಅಳತೆಗಳು ಹೊಸ ಕೇಜ್‌ಗೆ 19 ಮತ್ತು 128, ಹಳೆಯ ಕೇಜ್‌ಗೆ 25 ಮತ್ತು 26. ಸರಾಸರಿಗಳು 73.5 ಮತ್ತು 25.5. ಹೊಸ ಕೇಜ್‌ನಿಂದ ಬಾಳಿಕೆ 48ರಷ್ಟು ಹೆಚ್ಚಿತೆಂದು ಸಂಸ್ಥೆ ನಂಬಬಹುದಾಗಿತ್ತು. ಪೂರ್ಣ ಪ್ರಯೋಗದಲ್ಲಿ ಕೇಜ್‌ನ ಪರಿಣಾಮ 7.75 ಮಾತ್ರ. ಉಳಿದ 40.25 ಇತರ ಎರಡು ಅಂಶಗಳ ಅನ್ಯೋನ್ಯ ಪರಿಣಾಮ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರುತ್ತಿರಲಿಲ್ಲ, ಆದರೂ ತೀರ್ಮಾನ ಪೂರ್ತಿ ತಪ್ಪಾಗುತ್ತಿತ್ತು. ಹಾಗಾಗಿ ಭಾಗಶಃ ವಿನ್ಯಾಸವನ್ನು ಬಳಸುವವರು ಯಾವ ಪರಿಣಾಮ ಯಾವುದರೊಂದಿಗೆ ಬೆರೆತಿದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಅನುಮಾನ ಬಂದಲ್ಲಿ ಉಳಿದ ಅರ್ಧ ಭಾಗವನ್ನೂ ನಡೆಸಿ ಬೆರಕೆಯನ್ನು ಬಿಡಿಸಬೇಕು.

ಪ್ಲಾಕೆಟ್–ಬರ್ಮನ್ ವಿನ್ಯಾಸಗಳಲ್ಲಿ ಸುತ್ತುಗಳ ಸಂಖ್ಯೆ ನಾಲ್ಕರ ಗುಣಕವಾಗಿರುತ್ತದೆ. 12 ಸುತ್ತುಗಳಲ್ಲಿ 11 ಅಂಶಗಳವರೆಗೆ ಪರೀಕ್ಷಿಸಬಹುದು. ಅನೇಕ ಅಂಶಗಳಿಂದ ಮುಖ್ಯವಾದ ಕೆಲವನ್ನು ಸೋಸಿ ತೆಗೆಯುವ ಮೊದಲ ಹಂತಕ್ಕೆ ಇವು ಸೂಕ್ತ.

== ಫಲಿತ ಮೇಲ್ಮೈ ವಿಧಾನ ==

ಮುಖ್ಯ ಅಂಶಗಳು ಯಾವುವೆಂದು ತಿಳಿದ ಮೇಲೆ ಅವುಗಳ ಅತ್ಯುತ್ತಮ ಬೆಲೆ ಯಾವುದೆಂದು ಹುಡುಕಬೇಕಾಗುತ್ತದೆ. ಬ್ರಿಟನ್ನಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯಲ್ಲಿದ್ದ ಜಾರ್ಜ್ ಬಾಕ್ಸ್ ಮತ್ತು ಕೆ. ಬಿ. ವಿಲ್ಸನ್ 1951ರಲ್ಲಿ ಇದಕ್ಕೊಂದು ಮಾರ್ಗವನ್ನು ತೋರಿಸಿದರು. ಹೊಲದ ಪ್ರಯೋಗದ ಫಲ ತಿಳಿಯಲು ಒಂದು ಹಂಗಾಮು ಕಾಯಬೇಕು. ರಾಸಾಯನಿಕ ಕಾರ್ಖಾನೆಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ. ಹಾಗಾಗಿ ಒಂದೇ ದೊಡ್ಡ ಪ್ರಯೋಗದ ಬದಲು ಚಿಕ್ಕ ಪ್ರಯೋಗಗಳ ಸರಣಿಯನ್ನು ನಡೆಸಿ, ಪ್ರತಿಯೊಂದರಿಂದ ಕಲಿತು ಮುಂದಿನದನ್ನು ಯೋಜಿಸಬಹುದೆಂಬುದು ಅವರ ಮುಖ್ಯ ವಿಚಾರ.

ಮಂಜು ಕವಿದ ಬೆಟ್ಟವನ್ನು ಏರುವವನು ಕಾಲಕೆಳಗಿನ ಇಳಿಜಾರನ್ನು ತಡವಿ ನೋಡಿ, ಅತಿ ಕಡಿದಾದ ಏರಿನ ದಿಕ್ಕಿನಲ್ಲಿ ಹೆಜ್ಜೆ ಹಾಕುತ್ತಾನೆ. ಈ ವಿಧಾನವೂ ಹಾಗೆಯೇ. ಮೊದಲು ಎರಡು ಮಟ್ಟಗಳ ಚಿಕ್ಕ ಪ್ರಯೋಗದಿಂದ ಏರಿನ ದಿಕ್ಕನ್ನು ಕಂಡುಕೊಳ್ಳಲಾಗುತ್ತದೆ. ಆ ದಿಕ್ಕಿನಲ್ಲಿ ಫಲಿತ ಹೆಚ್ಚುವುದು ನಿಲ್ಲುವ ತನಕ ಸಾಗಲಾಗುತ್ತದೆ. ಶಿಖರದ ಸಮೀಪ ಮೇಲ್ಮೈ ಬಾಗಿರುವುದರಿಂದ ಎರಡು ಮಟ್ಟಗಳು ಸಾಲುವುದಿಲ್ಲ. ಆಗ ಮೂಲೆಯ ಬಿಂದುಗಳ ಜೊತೆಗೆ ಅಕ್ಷದ ಮೇಲಿನ ಬಿಂದುಗಳನ್ನೂ ಕೇಂದ್ರಬಿಂದುವನ್ನೂ ಸೇರಿಸಿದ ಕೇಂದ್ರ ಸಂಯುಕ್ತ ವಿನ್ಯಾಸವನ್ನು ಬಳಸುತ್ತಾರೆ. 1960ರಲ್ಲಿ ಪ್ರಕಟವಾದ ಬಾಕ್ಸ್–ಬೆನ್‌ಕೆನ್ ವಿನ್ಯಾಸವೂ ಇದೇ ಉದ್ದೇಶದ್ದು.

ಉತ್ಪಾದನೆಯನ್ನು ನಿಲ್ಲಿಸಿ ಪ್ರಯೋಗ ನಡೆಸಲು ಸಾಧ್ಯವಿಲ್ಲದ ಕಡೆಗಳಿಗಾಗಿ ಬಾಕ್ಸ್ 1957ರಲ್ಲಿ ವಿಕಾಸಾತ್ಮಕ ಕಾರ್ಯಾಚರಣೆ ಎಂಬ ಉಪಾಯವನ್ನು ಸೂಚಿಸಿದರು. ಸರಕು ಕೆಡದಷ್ಟು ಚಿಕ್ಕ ಬದಲಾವಣೆಗಳನ್ನು ದೈನಂದಿನ ಉತ್ಪಾದನೆಯಲ್ಲಿಯೇ ಸರದಿಯಂತೆ ಮಾಡುತ್ತ, ಅವುಗಳ ಫಲವನ್ನು ದಾಖಲಿಸುತ್ತ ಹೋಗುವುದು ಇದರ ಕ್ರಮ.

== ತಗುಚಿ ವಿಧಾನ ==

ಗೆನಿಚಿ ತಗುಚಿ ಅವರ ಹೆಸರಿನೊಂದಿಗೆ ಸದಾ ನೆನಪಾಗುವುದು 1953ರಲ್ಲಿ ಜಪಾನಿನ ಇನಾ ಸೆಯ್ತೊ ಟೈಲ್ಸ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗ. ಗೂಡಿನ ಒಳಗೆ ಉಷ್ಣತೆ ಎಲ್ಲೆಡೆ ಸಮನಾಗಿರದ ಕಾರಣ, ಪೇರಿಸಿಟ್ಟ ಟೈಲುಗಳಲ್ಲಿ ಹೊರಭಾಗದವು ಒಳಭಾಗದವುಗಳಿಗಿಂತ ಬೇರೆ ಅಳತೆಗೆ ಬರುತ್ತಿದ್ದವು. ಗೂಡನ್ನು ಬದಲಿಸುವುದು ಬಹಳ ದುಬಾರಿ. ಅದರ ಬದಲು ಮಿಶ್ರಣಕ್ಕೆ ಸಂಬಂಧಿಸಿದ ಏಳು ಅಂಶಗಳನ್ನು ಎಂಟು ಸಂಯೋಜನೆಗಳಲ್ಲಿ ಪರೀಕ್ಷಿಸಲಾಯಿತು. ಸುಣ್ಣದಕಲ್ಲಿನ ಪ್ರಮಾಣವನ್ನು ಶೇ. 1ರಿಂದ ಶೇ. 5ಕ್ಕೆ ಏರಿಸಿದಾಗ ಅಳತೆಯ ಏರುಪೇರು ಬಹುಮಟ್ಟಿಗೆ ತಗ್ಗಿತು. ಉಷ್ಣತೆಯ ವ್ಯತ್ಯಾಸ ಮೊದಲಿನಂತೆಯೇ ಉಳಿಯಿತು, ಆದರೆ ಟೈಲು ಅದನ್ನು ತಾಳಿಕೊಳ್ಳುವಂತಾಯಿತು.

ತಗುಚಿಯವರ ವಿಚಾರದ ತಿರುಳು ಇದೇ ಆಗಿದೆ. ವಾತಾವರಣ, ಬಳಕೆಯ ರೀತಿ, ಸವೆತ ಮುಂತಾದ ಅನಿಯಂತ್ರಿತ ಅಂಶಗಳನ್ನು ತಡೆಯಲು ಹಣ ಸುರಿಯುವ ಬದಲು, ಅವುಗಳಿಗೆ ಜಗ್ಗದ ವಸ್ತುವನ್ನು ರೂಪಿಸಬೇಕು. ಇದಕ್ಕೆ ಸುದೃಢ ವಿನ್ಯಾಸ ಎಂದು ಹೆಸರು. ಇದರಲ್ಲಿ ಸರಾಸರಿಯನ್ನು ಮಾತ್ರವಲ್ಲದೆ ಫಲಿತದ ಚದರಿಕೆಯನ್ನೂ ಅಳೆಯಬೇಕಾಗುತ್ತದೆ.

ಅವರ ಇನ್ನೊಂದು ಕೊಡುಗೆ ನಷ್ಟಫಲನ. ನಿಗದಿತ ಮಿತಿಯೊಳಗಿದ್ದ ಸರಕೆಲ್ಲವೂ ಸಮಾನವಾಗಿ ಒಳ್ಳೆಯದೆಂಬುದು ರೂಢಿಯ ನಂಬಿಕೆ. ತಗುಚಿಯವರ ಪ್ರಕಾರ ಗುರಿಯಿಂದ ದೂರ ಸರಿದಂತೆ ನಷ್ಟವು ಆ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಉದಾಹರಣೆಗೆ, ಗುರಿಯಿಂದ 5 ಮಿ.ಮೀ. ತಪ್ಪಿದಾಗ ನಷ್ಟ 100 ರೂಪಾಯಿ ಎಂದಿಟ್ಟುಕೊಂಡರೆ, 2 ಮಿ.ಮೀ. ತಪ್ಪಿದಾಗ 16 ರೂಪಾಯಿ ಆಗುತ್ತದೆ. 4.9 ಮಿ.ಮೀ. ತಪ್ಪಿದ ವಸ್ತುವಿನ ನಷ್ಟ ಸುಮಾರು 96 ರೂಪಾಯಿ. ಮಿತಿಯೊಳಗೆ ಇದೆ ಎಂಬ ಕಾರಣಕ್ಕೆ ಅದು ಉತ್ತಮ ವಸ್ತುವಾಗುವುದಿಲ್ಲ.

1980ರ ದಶಕದಲ್ಲಿ ಅಮೆರಿಕದಲ್ಲಿ ಈ ವಿಧಾನ ಪ್ರಚಾರಕ್ಕೆ ಬಂದಾಗ ಸಂಖ್ಯಾಶಾಸ್ತ್ರಜ್ಞರು ಎರಡು ಬಗೆಯ ಪ್ರತಿಕ್ರಿಯೆ ನೀಡಿದರು. ಸುದೃಢತೆಯ ಗುರಿಯನ್ನು ಬಹುತೇಕ ಎಲ್ಲರೂ ಒಪ್ಪಿದರು. ಆದರೆ ಸರಾಸರಿ ಮತ್ತು ಚದರಿಕೆಯನ್ನು ಒಂದೇ ಸಂಖ್ಯೆಯಲ್ಲಿ ಅಡಗಿಸುವ ಅವರ ಸಿಗ್ನಲ್–ನಾಯ್ಸ್ ಅನುಪಾತವನ್ನು 1988ರಲ್ಲಿ ಬಾಕ್ಸ್ ವಿಮರ್ಶಿಸಿದರು. ಅನ್ಯೋನ್ಯ ಪರಿಣಾಮಗಳಿಗೆ ಎಡೆಯಿಲ್ಲದ ಕೋಷ್ಟಕಗಳ ಬಳಕೆಯೂ ಆಕ್ಷೇಪಕ್ಕೆ ಒಳಗಾಯಿತು. 1992ರಲ್ಲಿ 'ಟೆಕ್ನೊಮೆಟ್ರಿಕ್ಸ್' ಪತ್ರಿಕೆ ಈ ಬಗ್ಗೆ ವಿಸ್ತೃತ ಚರ್ಚೆಯನ್ನು ಪ್ರಕಟಿಸಿತು.

== ಅನುಷ್ಠಾನದ ಹಂತಗಳು ==

# ಸಮಸ್ಯೆಯನ್ನು ಸ್ಪಷ್ಟ ಮಾತುಗಳಲ್ಲಿ ಬರೆಯುವುದು.
# ಫಲಿತವನ್ನು ಆರಿಸಿ, ಅದನ್ನು ಅಳೆಯುವ ಸಾಧನ ನಂಬಿಕೆಗೆ ಅರ್ಹವೇ ಎಂದು ಪರೀಕ್ಷಿಸುವುದು. ಅಳತೆಯೇ ಏರುಪೇರಾಗಿದ್ದರೆ ಪ್ರಯೋಗದ ಶ್ರಮ ವ್ಯರ್ಥ.
# ಯಂತ್ರದ ಬಳಿ ಕೆಲಸ ಮಾಡುವವರನ್ನು ಕೇಳಿ ಅಂಶಗಳ ಪಟ್ಟಿ ಸಿದ್ಧಪಡಿಸುವುದು.
# ಪರಿಣಾಮ ಕಾಣಿಸುವಷ್ಟು ಅಂತರವಿರುವ, ಆದರೆ ಅಪಾಯವಿಲ್ಲದ ಮಟ್ಟಗಳನ್ನು ನಿಗದಿಪಡಿಸುವುದು.
# ವಿನ್ಯಾಸವನ್ನು ಆರಿಸಿ, ಸುತ್ತುಗಳ ಕ್ರಮವನ್ನು ಯಾದೃಚ್ಛಿಕಗೊಳಿಸುವುದು.
# ಪ್ರಯೋಗ ನಡೆಸುವುದು. ಯೋಜನೆಯಿಂದ ಸರಿದ ಪ್ರತಿಯೊಂದು ಸಂಗತಿಯನ್ನೂ ದಾಖಲಿಸುವುದು.
# ಪರಿಣಾಮಗಳನ್ನು ಲೆಕ್ಕ ಹಾಕಿ, ನಕ್ಷೆಗಳ ಮೂಲಕ ಪರಿಶೀಲಿಸುವುದು.
# ಉತ್ತಮವೆಂದು ಕಂಡ ಸಂಯೋಜನೆಯನ್ನು ಮತ್ತೆ ನಡೆಸಿ ದೃಢಪಡಿಸಿಕೊಳ್ಳುವುದು.

ಲಭ್ಯವಿರುವ ಹಣ ಮತ್ತು ಸಮಯವನ್ನೆಲ್ಲ ಮೊದಲ ಪ್ರಯೋಗಕ್ಕೇ ವ್ಯಯಿಸಬಾರದು. ಮೊದಲ ಪ್ರಯೋಗದಿಂದ ಹುಟ್ಟುವ ಪ್ರಶ್ನೆಗಳಿಗೆ ಉತ್ತರಿಸಲು ಸಾಕಷ್ಟು ಉಳಿದಿರಬೇಕು.

== ಮಿತಿಗಳು ==

ಪ್ರಯೋಗದ ತೀರ್ಮಾನಗಳು ಪರೀಕ್ಷಿಸಿದ ಮಟ್ಟಗಳ ವ್ಯಾಪ್ತಿಯೊಳಗೆ ಮಾತ್ರ ಅನ್ವಯಿಸುತ್ತವೆ. 900ರಿಂದ 1000 ಡಿಗ್ರಿಯವರೆಗೆ ಗಟ್ಟಿತನ ಹೆಚ್ಚಿತೆಂದು 1200 ಡಿಗ್ರಿಯಲ್ಲಿಯೂ ಹೆಚ್ಚುವುದೆಂದು ಹೇಳಲಾಗದು. ಪಟ್ಟಿಯಲ್ಲಿ ಸೇರದ ಅಂಶದ ಬಗ್ಗೆ ಯಾವ ವಿನ್ಯಾಸವೂ ಏನನ್ನೂ ತಿಳಿಸುವುದಿಲ್ಲ. ಆದ್ದರಿಂದ ವಿಷಯಜ್ಞಾನಕ್ಕೆ ಸಂಖ್ಯಾಶಾಸ್ತ್ರವು ಪೂರಕವಾಗಬಲ್ಲದೇ ಹೊರತು ಪರ್ಯಾಯವಾಗಲಾರದು.

ಗೂಡಿನ ಉಷ್ಣತೆಯಂತಹ ಕೆಲವು ಅಂಶಗಳನ್ನು ಸುತ್ತಿನಿಂದ ಸುತ್ತಿಗೆ ಬದಲಿಸುವುದು ಕಷ್ಟ. ಅಂತಹ ಕಡೆ ಪೂರ್ಣ ಯಾದೃಚ್ಛೀಕರಣ ಸಾಧ್ಯವಾಗದೆ, ಕೃಷಿ ಪ್ರಯೋಗಗಳಿಂದ ಬಂದ ಸ್ಪ್ಲಿಟ್ ಪ್ಲಾಟ್ ವಿನ್ಯಾಸವನ್ನು ಬಳಸಬೇಕಾಗುತ್ತದೆ. ಅದರ ವಿಶ್ಲೇಷಣೆಯೂ ಬೇರೆಯೇ. ಅದನ್ನು ಸಾಮಾನ್ಯ ವಿನ್ಯಾಸವೆಂದು ಭಾವಿಸಿ ಲೆಕ್ಕ ಹಾಕಿದರೆ ತಪ್ಪು ತೀರ್ಮಾನಗಳಿಗೆ ಎಡೆಯಾಗುತ್ತದೆ.

== ಇಂದಿನ ಬಳಕೆ ==

ಮೊಟೊರೋಲಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಸಿಕ್ಸ್ ಸಿಗ್ಮಾ ಪದ್ಧತಿಯಲ್ಲಿ ಸುಧಾರಣೆಯ ಹಂತಕ್ಕೆ ಪ್ರಯೋಗ ವಿನ್ಯಾಸವೇ ಮುಖ್ಯ ಸಾಧನ. ಔಷಧ ತಯಾರಿಕೆಗೆ ಸಂಬಂಧಿಸಿದ ಐಸಿಎಚ್ ಕ್ಯೂ8 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯು ಗುಣಮಟ್ಟವನ್ನು ತಪಾಸಣೆಯಿಂದಲ್ಲದೆ ವಿನ್ಯಾಸದಿಂದಲೇ ಸಾಧಿಸಬೇಕೆಂಬ ತತ್ವವನ್ನು ಎತ್ತಿಹಿಡಿಯುತ್ತದೆ. ಹಿಂದೆ ಕೈಲೆಕ್ಕದಿಂದ ಮಾಡುತ್ತಿದ್ದ ವಿಶ್ಲೇಷಣೆಯನ್ನು ಈಗ ಮಿನಿಟ್ಯಾಬ್ ಮುಂತಾದ ತಂತ್ರಾಂಶಗಳು ಕ್ಷಣಾರ್ಧದಲ್ಲಿ ಮಾಡುತ್ತವೆ. ಉಚಿತವಾಗಿ ದೊರೆಯುವ 'ಆರ್' ತಂತ್ರಾಂಶದಲ್ಲಿಯೂ ಇದಕ್ಕೆ ಬೇಕಾದ ಸೌಲಭ್ಯಗಳಿವೆ. ಆದರೆ ಎರಡು ಮಟ್ಟಗಳ ಮೂರು ಅಂಶಗಳ ಪ್ರಯೋಗಕ್ಕೆ ಬೇಕಾದುದು ಎಂಟು ಅಳತೆಗಳು, ಕೂಡುವುದು, ಕಳೆಯುವುದು ಮತ್ತು ಭಾಗಿಸುವುದು ಇಷ್ಟೇ. ಚಿಕ್ಕ ಕಾರ್ಖಾನೆಯೂ, ಶಾಲೆಯ ಪ್ರಯೋಗಾಲಯವೂ ಅದನ್ನು ಕಾಗದದ ಮೇಲೆಯೇ ನಡೆಸಬಹುದು.